ಈ ತಿಂಗಳು ಏನು ಮಾಡಿದೆ?

ಬಾಡಿಗೆಗೆ ತಿಂಗಳು ಬೇಕು. ಸಂಬಳಕ್ಕೆ, ಮೆಸ್ ಬಿಲ್ಲಿಗೆ, ಚೀಟಿ ಕಂತಿಗೆ ಬೇಕು. ಚಿತ್ರಕ್ಕೆ ತಿಂಗಳು ಯಾಕೆ ಬೇಕು? ಒಂದು ಚಿತ್ರ ಮೂರು ದಿನದಲ್ಲಿ ಮುಗಿದೀತು, ಇನ್ನೊಂದು ಮೂರು ವರ್ಷ ಗೋಡೆಗೆ ಮುಖ ಮಾಡಿ ನಿಂತೀತು. ಆದರೂ ನಾನು ಬಲ್ಲ ಚಿತ್ರಕಲಾ ವಿದ್ಯಾರ್ಥಿಗಳಲ್ಲಿ ಹಲವರು ತಿಂಗಳ ಕೊನೆಗೆ ಕೂತು ಒಂದು ಲೆಕ್ಕ ಬರೆಯುತ್ತಾರೆ. ಎಷ್ಟು ಸ್ಕೆಚ್ ಆಯಿತು, ಹಿಡಿದ ಕೆಲಸ ಎಲ್ಲಿಗೆ ಬಂತು, ಯಾವುದು ಕೈಕೊಟ್ಟಿತು, ಮುಂದಿನ ತಿಂಗಳು ಏನು. ಕೆಲವರು ಅದನ್ನು ನಾಲ್ಕು ಜನ ನೋಡುವಂತೆ ಫೋನಿನಲ್ಲಿ ಹಾಕುತ್ತಾರೆ. ಕೆಲವರದು ಸ್ಕೆಚ್‌ಬುಕ್ಕಿನ ಕೊನೆಯ ಪುಟದಲ್ಲೇ ಉಳಿಯುತ್ತದೆ.

ಇದನ್ನು ನೋಡಿ ನಗುವವರಿದ್ದಾರೆ. ಕಲೆಗೂ ಟಾರ್ಗೆಟ್ಟೇ ಎಂದು ಹಿರಿಯರೊಬ್ಬರು ಮೂಗು ಮುರಿದದ್ದನ್ನು ನಾನೇ ಕೇಳಿದ್ದೇನೆ. ನನಗೆ ಹಾಗೆ ನಗಲು ಬರುವುದಿಲ್ಲ. ಆ ಪುಟದ ಹಿಂದಿರುವ ಪ್ರಶ್ನೆ ಸಣ್ಣದೆಂದು ನನಗೆ ಅನ್ನಿಸುವುದಿಲ್ಲ: ಇನ್ನೊಬ್ಬರ ದುಡಿಮೆಯ ಮೇಲೆ ಕಲಿಯುತ್ತಿರುವವರು ತಮ್ಮ ಸಮಯಕ್ಕೆ ಲೆಕ್ಕ ಕೊಡಬೇಕೆ? ಕೊಡಬೇಕಾದರೆ ಯಾವುದರ ಲೆಕ್ಕ?

ನಾನಿರುವ ಪಿಜಿಯಲ್ಲಿ ಪಕ್ಕದ ಕೋಣೆಯ ಹುಡುಗಿ ಬೆಂಗಳೂರಿನ ಒಂದು ಕಾಲೇಜಿನಲ್ಲಿ ಪ್ರಿಂಟ್‌ಮೇಕಿಂಗ್ ಓದುತ್ತಿದ್ದಾಳೆ. ಎಚಿಂಗ್ ಅವಳ ಮುಖ್ಯ ಕೆಲಸ. ಸತುವಿನ ತಗಡಿನ ಮೇಲೆ ಆಸಿಡ್ ತಾಗದಂಥ ಲೇಪ ಹಚ್ಚಬೇಕು, ಸೂಜಿಯಿಂದ ಗೆರೆ ಕೆರೆಯಬೇಕು, ಆಸಿಡ್‌ನಲ್ಲಿ ಅದ್ದಬೇಕು, ಆಸಿಡ್ ತಿಂದ ಗೆರೆಗಳಿಗೆ ಶಾಯಿ ತುಂಬಿ, ಮೇಲಿನ ಶಾಯಿ ಒರೆಸಿ, ಒದ್ದೆ ಕಾಗದವಿಟ್ಟು ಪ್ರೆಸ್ಸಿನಲ್ಲಿ ಉರುಳಿಸಬೇಕು. ಹೇಳಲು ಒಂದು ವಾಕ್ಯ, ಮಾಡಲು ವಾರಗಳು. ಅವಳು ತನ್ನ ತಿಂಗಳ ಪುಟಗಳನ್ನು ನನಗೆ ಓದಲು ಕೊಟ್ಟಿದ್ದಳು. “ಅಕ್ಕಾ, ನೀವು ಥೀಸಿಸ್ ಬರೆಯೋರು, ಕನ್ನಡ ಸರಿಯಿದೆಯಾ ನೋಡಿ” ಎಂದು. ಕನ್ನಡ ಸರಿಯಾಗಿಯೇ ಇತ್ತು. ಜೂನ್: ಎರಡು ಪ್ಲೇಟ್, 40 ಸ್ಕೆಚ್. ಜುಲೈ: ಒಂದು ಪ್ಲೇಟ್, 62 ಸ್ಕೆಚ್, ಒಂದು ಎಡಿಷನ್ ಮುಗಿಯಿತು. ಆಗಸ್ಟ್‌ನಲ್ಲಿ ಒಂದೇ ಸಾಲು: ಹಳೇ ಪ್ಲೇಟನ್ನೇ ಕೆರೆದೆ, ಏನೂ ಆಗಿಲ್ಲ.

ಆ ಕೊನೆಯ ಎರಡು ಪದಗಳ ಮೇಲೆ ನನ್ನ ಕಣ್ಣು ನಿಂತಿತು. ಆಗಸ್ಟ್ ತಿಂಗಳಿಡೀ ಅವಳು ರಾತ್ರಿ ಎಂಟರ ಮೇಲೆ, ಉಗುರಿನ ಸಂದಿಯಲ್ಲಿ ಕಪ್ಪು ಶಾಯಿ ತುಂಬಿಕೊಂಡು ಮೆಟ್ಟಿಲು ಹತ್ತಿ ಬರುವುದನ್ನು ನಾನು ನೋಡಿದ್ದೆ. ಜುಲೈನ 62ರ ಬಗ್ಗೆ ಕೇಳಿದರೆ ನಕ್ಕಳು. ಪ್ಲೇಟ್ ಸರಿ ಬರುತ್ತಿರಲಿಲ್ಲ, ಪುಟ ಖಾಲಿ ಕಾಣಬಾರದೆಂದು ಬಸ್‌ಸ್ಟಾಪಿನಲ್ಲಿ ನಿಂತವರನ್ನೆಲ್ಲ ಗೀಚಿಕೊಂಡು ಬಂದಿದ್ದಳಂತೆ. ಎಣಿಸಲು ಬರುವುದನ್ನು ಹೆಚ್ಚು ಮಾಡುವುದು, ಬಾರದ್ದನ್ನು ‘ಏನೂ ಇಲ್ಲ’ ಎಂದು ಬರೆಯುವುದು. ಇದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ, ಪುಟದ ಸ್ವರೂಪವೇ ಕಲಿಸಿತ್ತು.

ಕನ್ನಡದಲ್ಲಿ ಲೆಕ್ಕ ಒಪ್ಪಿಸುತ್ತೇವೆ, ಪಾಠ ಒಪ್ಪಿಸುತ್ತೇವೆ, ಹರಕೆ ಒಪ್ಪಿಸುತ್ತೇವೆ. (ಮದುವೆಯಲ್ಲಿ ಹೆಣ್ಣನ್ನೂ ಒಪ್ಪಿಸುತ್ತೇವೆ, ಅದು ಬೇರೆಯೇ ಪ್ರಬಂಧ.) ಕ್ರಿಯಾಪದ ಒಂದೇ ಆದರೂ ಎದುರಿಗಿರುವವರು ಬದಲಾಗುತ್ತಾರೆ. ಲೆಕ್ಕ ಒಪ್ಪಿಸುವಾಗ ಎದುರಿಗಿರುವವರು ತಪ್ಪು ಹುಡುಕುತ್ತಾರೆ. ಪಾಠ ಒಪ್ಪಿಸುವಾಗ ಅವರಿಗೆ ಉತ್ತರ ಮೊದಲೇ ಗೊತ್ತಿರುತ್ತದೆ. ಹರಕೆ ಒಪ್ಪಿಸುವಾಗ ಏನು ಹೊತ್ತಿದ್ದೆವೆಂದು ಹೊತ್ತವರಿಗೆ ಮಾತ್ರ ಗೊತ್ತು, ಕಡಿಮೆಯಾದರೆ ಕೇಳುವವರಿಲ್ಲ, ಆದರೂ ಕಡಿಮೆ ಮಾಡಲು ಮನಸ್ಸು ಬರುವುದಿಲ್ಲ. ಕಲಿಯುವ ಕಲಾವಿದರ ತಿಂಗಳ ಪುಟದಲ್ಲಿ ಈ ಮೂರೂ ಕಲಸಿಹೋಗಿರುತ್ತವೆ. ಕಾಲೇಜಿನಲ್ಲಿ ಹಾಜರಿ ಇದೆ, ಸಬ್ಮಿಷನ್ ಇದೆ, ಸೆಮಿಸ್ಟರ್ ಕೊನೆಗೆ ಜ್ಯೂರಿ ಇದೆ. ನಮ್ಮಂಥ ಸಂಶೋಧಕರಿಗೂ ಇದು ತಪ್ಪಿದ್ದಲ್ಲ. ಫೆಲೋಶಿಪ್ ಹಣ ಬರಬೇಕಾದರೆ ತಿಂಗಳು ತಿಂಗಳೂ ವಿಶ್ವವಿದ್ಯಾಲಯದಿಂದ ಒಂದು ದೃಢೀಕರಣ ಹೋಗಬೇಕು. ಸೆಮಿಸ್ಟರಿಗೊಮ್ಮೆ ಸಲಹಾ ಸಮಿತಿಯ ಮುಂದೆ ಪ್ರಗತಿ ವರದಿ ಓದಬೇಕು. ಅದರ ಕೆಳಗೆ ‘ತೃಪ್ತಿಕರ’ ಎಂಬ ಪದ ಬೀಳುತ್ತದೆ. ಆ ಪದ ನನ್ನ ಕೆಲಸದ ಬಗ್ಗೆ ಏನನ್ನೂ ಹೇಳುವುದಿಲ್ಲ, ಆದರೆ ಅದಿಲ್ಲದೆ ಪಿಜಿ ಬಾಡಿಗೆ ಕಟ್ಟಲಾಗುವುದಿಲ್ಲ.

ದುಡ್ಡಿಗೂ ವರದಿಗೂ ಬಿದ್ದ ಈ ಗಂಟು ಹಳೆಯದು. ಅದನ್ನು ಬಿಡಿಬಿಡಿಯಾಗಿ ನೋಡಬೇಕೆಂದರೆ ವಿನ್ಸೆಂಟ್ ವ್ಯಾನ್ ಗೋ ತನ್ನ ತಮ್ಮ ಥಿಯೋಗೆ ಬರೆದ ಪತ್ರಗಳನ್ನು ಓದಬೇಕು. 650ಕ್ಕೂ ಹೆಚ್ಚು ಪತ್ರಗಳು ಉಳಿದಿವೆ. ಅವನ್ನು ಒಬ್ಬ ಮಹಾಪ್ರತಿಭೆಯ ಸಂಕಟದ ಕಥೆಯಾಗಿ ಓದುವುದು ರೂಢಿ. ಒಬ್ಬ ವಿದ್ಯಾರ್ಥಿಯ ವರದಿಗಳಾಗಿ ಓದಿದರೆ ಅವು ಇನ್ನೂ ಹತ್ತಿರವಾಗುತ್ತವೆ. 1880ರಲ್ಲಿ, 27ನೇ ವಯಸ್ಸಿನಲ್ಲಿ, ಕೈಹಾಕಿದ ಬೇರೆ ಕೆಲಸಗಳೆಲ್ಲ ಕೈಬಿಟ್ಟ ಮೇಲೆ, ಅವನು ಚಿತ್ರಕಾರನಾಗುತ್ತೇನೆಂದು ಹೊರಟ. ಬೆಲ್ಜಿಯಮ್ಮಿನ ಕಲ್ಲಿದ್ದಲು ಗಣಿಗಳ ಸೀಮೆಯಲ್ಲಿ ಕೂತು ಶಾರ್ಲ್ ಬಾರ್ಗ್ ಎಂಬಾತ ವಿದ್ಯಾರ್ಥಿಗಳಿಗಾಗಿ ಮಾಡಿದ್ದ ಡ್ರಾಯಿಂಗ್ ಹಾಳೆಗಳನ್ನು ಒಂದೊಂದಾಗಿ ನಕಲು ಮಾಡಿದ. ಕಲಾಕೃತಿಗಳನ್ನು ಮಾರುವ ಕಂಪನಿಯಲ್ಲಿ ಕೆಲಸಕ್ಕಿದ್ದ ಥಿಯೋ ಅಣ್ಣನಿಗೆ ಹಣ ಕಳಿಸತೊಡಗಿದ. 1882ರಿಂದ ಅದು ತಿಂಗಳಿಗೆ 150 ಫ್ರಾಂಕ್ ಆಯಿತು. ಇದು ಪುಡಿಗಾಸಲ್ಲ. ಮುಂದೆ ಆರ್ಲ್ ಊರಿನಲ್ಲಿ ವಿನ್ಸೆಂಟ್ ಚಿತ್ರ ಬರೆದ ಅಂಚೆ ನೌಕರ ಜೋಸೆಫ್ ರೂಲಾಂ ಹೆಂಡತಿ ಮತ್ತು ಮೂರು ಮಕ್ಕಳ ಸಂಸಾರವನ್ನು ತಿಂಗಳಿಗೆ 135 ಫ್ರಾಂಕಿನಲ್ಲಿ ನಡೆಸುತ್ತಿದ್ದ.

ಹಣ ತಲುಪಿತು ಎಂಬ ಮಾತು ಪತ್ರದಿಂದ ಪತ್ರಕ್ಕೆ ಬರುತ್ತಲೇ ಇರುತ್ತದೆ. ಅದರ ಬೆನ್ನಿಗೆ ಬಣ್ಣಕ್ಕೆ ಎಷ್ಟು, ಮಾಡೆಲ್‌ಗೆ ಎಷ್ಟು, ಬಾಡಿಗೆ ಎಷ್ಟು. ಆಮೇಲೆ ಈಗ ಏನು ಬರೆಯುತ್ತಿದ್ದೇನೆ ಎಂಬುದು, ಎಷ್ಟೋ ಸಲ ಪತ್ರದ ನಡುವೆಯೇ ಒಂದು ಪುಟ್ಟ ರೇಖಾಚಿತ್ರ. ಓದುತ್ತಾ ಹೋದರೆ ಒಂದು ಒತ್ತಡ ಕಾಣುತ್ತದೆ: ಕೊಡುವವನು ತಮ್ಮ, ತಗೊಳ್ಳುವವನು ಅಣ್ಣ. ನಮ್ಮ ಮನೆಗಳಲ್ಲಿ ಇದು ಎಂಥ ಮುಜುಗರ ಎಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. 1884ರ ಆರಂಭದಲ್ಲಿ ವಿನ್ಸೆಂಟ್ ಇದಕ್ಕೊಂದು ದಾರಿ ಕಂಡುಕೊಂಡ. ಇನ್ನು ಮುಂದೆ ನನ್ನ ಕೆಲಸವೆಲ್ಲ ನಿನ್ನದು, ನೀನು ಕಳಿಸುವುದು ಅದರ ಬೆಲೆ, ಹೀಗೆಂದು ತಮ್ಮನ ಮುಂದೆ ಒಪ್ಪಂದವಿಟ್ಟ. ಥಿಯೋ ಒಪ್ಪಿದ. ದಾನವಾಗಿದ್ದದ್ದು ವ್ಯವಹಾರವಾಯಿತು.

ಇದನ್ನು ಜಾಣತನ ಎನ್ನುವವರಿದ್ದಾರೆ. ನನಗೆ ಕಾಣುವುದು, ಕೃತಜ್ಞತೆಯ ಭಾರ ಹೊರಲಾರದ ಮನುಷ್ಯ. ಆದರೆ ಒಪ್ಪಂದಕ್ಕೆ ಅದರದೇ ಬೆಲೆಯಿತ್ತು. ಕೆಲಸ ಸಂದಾಯವಾದ ಕೂಡಲೇ, ಅದನ್ನು ನೀನು ಮಾರಲು ಪ್ರಯತ್ನವನ್ನೇ ಮಾಡುತ್ತಿಲ್ಲ ಎಂದು ತಮ್ಮನ ಮೇಲೆ ಹರಿಹಾಯ್ದ ಪತ್ರಗಳೂ ಶುರುವಾದವು. ಋಣವನ್ನು ಲೆಕ್ಕದಿಂದ ತೀರಿಸಲು ಹೋದವನಿಗೆ ಎರಡೂ ಕಡೆಯ ಕಹಿ ಸಿಕ್ಕಿತು.

ಆದರೂ ಈ ಪತ್ರಗಳು ನಮ್ಮ ಪ್ರಗತಿ ವರದಿಗಳಿಗಿಂತ ಮೇಲು, ಯಾಕೆಂದರೆ ಒಳ್ಳೆಯ ಪತ್ರಗಳಲ್ಲಿ ಪ್ರಗತಿಯೇ ಇಲ್ಲ. 1884–85ರ ಚಳಿಗಾಲದಲ್ಲಿ, ನ್ಯೂನೆನ್ ಎಂಬ ಹಳ್ಳಿಯಲ್ಲಿ, ಅವನು ರೈತರ ಸುಮಾರು 40 ತಲೆಗಳನ್ನು ಬರೆದ. ತಿಂಗಳುಗಟ್ಟಲೆ ತಲೆ, ಟೊಪ್ಪಿ, ಕೈ. ಆಮೇಲೆ ಬಂದದ್ದು ‘ಆಲೂಗಡ್ಡೆ ತಿನ್ನುವವರು’. ಆ ಹೊತ್ತಿನ ಪತ್ರಗಳಲ್ಲಿ ಅವನು ಎಲ್ಲಿಗೆ ಬಂದೆ ಎಂದು ಹೇಳುವುದಕ್ಕಿಂತ ಎಲ್ಲಿ ಸಿಕ್ಕಿಕೊಂಡಿದ್ದೇನೆ ಎಂದು ಹೇಳುತ್ತಾನೆ. ಮುಖಗಳ ಬಣ್ಣ ತೀರ ತಿಳಿಯಾಗಿತ್ತು, ಅದು ಸಿಪ್ಪೆ ಸುಲಿಯದ, ಮಣ್ಣು ಮೆತ್ತಿದ ಆಲೂಗಡ್ಡೆಯಂತಿರಬೇಕು ಎಂದುಕೊಂಡು ಮತ್ತೆ ಬಳಿಯುವುದು. ಇದು ತಿಂಗಳ ಸಾಧನೆಯೇ? ಕಾಲಂ ತುಂಬುವವರಿಗೆ ಅಲ್ಲ. ಥಿಯೋಗೆ ಮಾತ್ರ ಇದರಿಂದ ಅಣ್ಣನ ಕೈ ಎಲ್ಲಿದೆ ಎಂದು ತಿಳಿಯುತ್ತಿತ್ತು.

ಈ ಪತ್ರಗಳಲ್ಲಿ ನನ್ನನ್ನು ಬಹಳ ಕಾಡಿದ್ದು ಒಂದು ಖಾಲಿ ಜಾಗ. 1886ರ ಮಾರ್ಚ್‌ನಿಂದ 1888ರ ಫೆಬ್ರುವರಿಯವರೆಗೆ ವಿನ್ಸೆಂಟ್ ಪ್ಯಾರಿಸಿನಲ್ಲಿದ್ದ. ನ್ಯೂನೆನ್‌ನ ಮಣ್ಣುಬಣ್ಣ ಬಿಟ್ಟು ಹಳದಿ, ನೀಲಿ, ಕಿತ್ತಳೆಗೆ ಅವನ ಕುಂಚ ಹೊರಳಿದ್ದು ಆಗಲೇ. ಹೂವಿನ ಚಿತ್ರಗಳ ರಾಶಿ, ಮಾಡೆಲ್‌ಗೆ ಕೊಡಲು ಕಾಸಿಲ್ಲದೆ ಕನ್ನಡಿ ನೋಡಿಕೊಂಡು ಬರೆದ ಸ್ವಂತ ಮುಖಗಳು, ಇಂಪ್ರೆಷನಿಸ್ಟರ ಪರಿಚಯ, ಎಲ್ಲವೂ ಆ ಎರಡು ವರ್ಷಗಳಲ್ಲಿ. ಬದಲಾವಣೆ ಎಂದು ಯಾವುದನ್ನಾದರೂ ಕರೆಯುವುದಾದರೆ ಅದು ಇದು. ಆದರೆ ಈ ಅವಧಿಯಲ್ಲಿ ಥಿಯೋಗೆ ಬರೆದ ಪತ್ರಗಳು ಬೆರಳೆಣಿಕೆಯಷ್ಟು. ಕಾರಣ ಬಹಳ ಸಾದಾ. ಇಬ್ಬರೂ ಒಂದೇ ಮನೆಯಲ್ಲಿದ್ದರು. ಥಿಯೋ ಕೆಲಸದಿಂದ ಬರುವಾಗ ಹಸಿ ಕ್ಯಾನ್ವಾಸ್ ಮನೆಯಲ್ಲೇ ಇರುತ್ತಿತ್ತು. ವರದಿ ಬೇಕಿರಲಿಲ್ಲ.

ಅಂದರೆ ವರದಿ ಹುಟ್ಟುವುದು ದೂರದಿಂದ. ಕೊಡುವವರು ಕಾಣಲಾರದಷ್ಟು ದೂರವಿದ್ದಾಗ ‘ಏನು ಮಾಡಿದೆ’ ಎಂದು ಕೇಳುತ್ತಾರೆ. ಆ ಪ್ರಶ್ನೆಯನ್ನು ನಾವು ಅಳತೆಗೋಲು ಎಂದುಕೊಳ್ಳುತ್ತೇವೆ. ಬಹಳ ಸಲ ಅದು ಬಾಗಿಲು ತಟ್ಟುವ ಸದ್ದು. ಹತ್ತಿರವಿದ್ದರೆ ಎಲ್ಲ ಸುಖ ಎಂದೇನೂ ನಾನು ಹೇಳುತ್ತಿಲ್ಲ. ಅಣ್ಣನ ಜೊತೆ ಬಾಳುವುದು ಸಾಕಾಗಿಹೋಗಿದೆ ಎಂದು ಥಿಯೋ ಆಗ ತಂಗಿಗೆ ಬರೆದದ್ದೂ ಇದೆ. ಜೊತೆಗಿರುವುದು ವರದಿ ಓದುವುದಕ್ಕಿಂತ ಕಷ್ಟದ ಕೆಲಸ. ವಿಶ್ವವಿದ್ಯಾಲಯಗಳು, ಕಾಲೇಜುಗಳು ನಮೂನೆಗಳನ್ನು ಇಟ್ಟುಕೊಂಡಿರುವುದು ಅದಕ್ಕೇ ಇರಬೇಕು.

ಪಕ್ಕದ ಕೋಣೆಯ ಹುಡುಗಿಯ ಫೀಸು ಕಟ್ಟುವುದು ಅವಳ ಅಕ್ಕ. ಮಂಡ್ಯ ಜಿಲ್ಲೆಯ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್. ಅಲ್ಲಿ ಗಂಟೆಗಿಷ್ಟು ಪೀಸು ಎಂದು ಬ್ಯಾಚಿಗೆ ಟಾರ್ಗೆಟ್ ಇರುತ್ತದೆ, ಆಗಿದ್ದೆಷ್ಟು ಎಂದು ಬೋರ್ಡಿನ ಮೇಲೆ ಗಂಟೆಗಂಟೆಗೂ ಬರೆಯುತ್ತಾರೆ. ಗಂಟೆಯ ಲೆಕ್ಕದಲ್ಲಿ ದುಡಿಯುವ ಒಬ್ಬಳ ಸಂಬಳದ ಮೇಲೆ, ತಿಂಗಳ ಲೆಕ್ಕಕ್ಕೂ ಸಿಗದ ಕೆಲಸವನ್ನು ಇನ್ನೊಬ್ಬಳು ಕಲಿಯುತ್ತಿದ್ದಾಳೆ. ಕಲೆಯನ್ನು ಅಳೆಯಬಾರದು ಎಂದು ಸಭೆಗಳಲ್ಲಿ ಹೇಳುವವರು ಈ ಇಬ್ಬರ ನಡುವೆ ಒಂದು ಕ್ಷಣ ನಿಂತು ಆ ಮಾತನ್ನು ಹೇಳಲಿ. ನನಗಂತೂ ಬಾಯಿ ಬರುವುದಿಲ್ಲ. ಅಳತೆಯಿಂದ ಬಿಡುಗಡೆ ಎನ್ನುವುದು ಯಾರದೋ ಅಳತೆಯ ದುಡಿಮೆಯಿಂದ ಕೊಂಡದ್ದು, ಕೊಂಡವರಿಗೆ ಕೇಳುವ ಹಕ್ಕಿಲ್ಲ ಎನ್ನುವುದು ಸೊಕ್ಕು.

ಅಕ್ಕ ಪ್ರತಿ ಸಂಬಳದ ದಿನ ಹಣ ಹಾಕಿ ಫೋನ್ ಮಾಡುತ್ತಾಳೆ. “ಈ ತಿಂಗ್ಳು ಏನ್ ಮಾಡ್ದೆ?” ಎಂದು ಕೇಳುತ್ತಾಳೆ. ಹುಡುಗಿಯ ತಿಂಗಳ ಪುಟ ಹುಟ್ಟಿದ್ದೇ ಆ ಫೋನಿಗೆ ಉತ್ತರ ಸಿದ್ಧವಿರಲಿ ಎಂದು. ಆಗಸ್ಟ್ ಕೊನೆಗೆ ಅವಳು ಉತ್ತರ ಹೇಳದೆ ತಪ್ಪಿಸಿಕೊಂಡಳು. ಸೆಪ್ಟೆಂಬರಿನ ಒಂದು ಭಾನುವಾರ ಅಕ್ಕ ಬೆಂಗಳೂರಿಗೇ ಬಂದಳು. ಸಬ್ಮಿಷನ್ ಹತ್ತಿರವಿದ್ದುದರಿಂದ ಸ್ಟುಡಿಯೋ ತೆರೆದಿತ್ತು. ತಂಗಿ ಪ್ಲೇಟಿಗೆ ಶಾಯಿ ಹಚ್ಚಿ ಒಂದು ಪ್ರೂಫ್ ತೆಗೆದು ತೋರಿಸಿದಳು. ಅಕ್ಕ ಅದನ್ನು ನೋಡಿ ತನ್ನ ಫೋನಿನಲ್ಲಿ ಜುಲೈನ ಫೋಟೋ ಹುಡುಕಿ ಪಕ್ಕದಲ್ಲಿ ಹಿಡಿದಳು. “ಇಲ್ಲೊಂದ್ ಮರ ಇತ್ತಲ್ಲ, ಎಲ್ಲೋಯ್ತು?”

ಮರವನ್ನು ಕೆರೆದು ತೆಗೆದಿದ್ದಳು. ತಗಡಿನ ಮೇಲೆ ಆಸಿಡ್ ತಿಂದ ಗೆರೆಯನ್ನು ರಬ್ಬರಿನಿಂದ ಅಳಿಸಲಾಗುವುದಿಲ್ಲ. ಸ್ಕ್ರೇಪರ್‌ನಿಂದ ಲೋಹವನ್ನೇ ಹೆರೆದು, ಆಮೇಲೆ ಬರ್ನಿಷರ್‌ನಿಂದ ಉಜ್ಜಿ ಉಜ್ಜಿ ನಯ ಮಾಡಬೇಕು. ಒಂದು ಅಂಗೈ ಅಗಲದ ಜಾಗಕ್ಕೆ ದಿನಗಳು ಹಿಡಿಯುತ್ತವೆ. ಪ್ರಿಂಟ್‌ಮೇಕರ್‌ಗಳು ಪ್ಲೇಟಿನ ಇಂಥ ಒಂದೊಂದು ಘಟ್ಟವನ್ನೂ ‘ಸ್ಟೇಟ್’ ಎನ್ನುತ್ತಾರೆ. ರೆಂಬ್ರಾಂಟ್ 1655ರಲ್ಲಿ, ಕ್ರಿಸ್ತನನ್ನು ಜನರ ಮುಂದೆ ನಿಲ್ಲಿಸಿದ ದೃಶ್ಯದ ಒಂದು ದೊಡ್ಡ ಪ್ಲೇಟ್ ಮಾಡಿದ. ಮೊದಲಿನ ಸ್ಟೇಟ್‌ಗಳಲ್ಲಿ ಮುಂಭಾಗದ ತುಂಬ ಜನ. ಕೊನೆಯ ಸ್ಟೇಟ್‌ಗಳಲ್ಲಿ ಆ ಗುಂಪನ್ನೇ ಉಜ್ಜಿ ತೆಗೆದ. ನೋಡುವ ನಾವೇ ಆ ಗುಂಪಿನ ಜಾಗದಲ್ಲಿ ನಿಂತಂತಾಗುತ್ತದೆ. ಎಷ್ಟು ಆಯಿತು ಎಂದು ಕೇಳಿದರೆ ಮೊದಲಿಗಿಂತ ಕಡಿಮೆ ಆಯಿತು ಎನ್ನಬೇಕು.

ತಂಗಿ ಇದನ್ನೆಲ್ಲ ತನಗೆ ತೋಚಿದ ಮಾತಿನಲ್ಲಿ ವಿವರಿಸಿದಳಂತೆ. ಅಕ್ಕ ತಗಡಿನ ಮೇಲೆ ಮರವಿದ್ದ ಜಾಗವನ್ನು ಬೆರಳಿನಿಂದ ಸವರಿ ನೋಡಿ, “ಆಲ್ಟರ್ ಪೀಸು ಅನ್ನು. ನಮ್ಮಲ್ಲೂ ಅದು ಟಾರ್ಗೆಟ್‌ಗೆ ಸೇರಲ್ಲ ಕಣೆ, ಮಾಡೋದಂತೂ ತಪ್ಪಲ್ಲ” ಎಂದಳಂತೆ. ಚೆಕ್ಕಿಂಗಿನಲ್ಲಿ ವಾಪಸ್ ಬಂದ ಪೀಸನ್ನು ಬಿಚ್ಚಿ ಮತ್ತೆ ಹೊಲಿಯುವುದು ಆಲ್ಟರ್. ಆ ಹೊತ್ತಿನಲ್ಲಿ ಬೋರ್ಡಿನ ಸಂಖ್ಯೆ ಏರುವುದಿಲ್ಲ. ಎಣಿಕೆಗೆ ಸಿಗದ ಕೆಲಸ ಎಂದರೇನೆಂದು ಅಕ್ಕನಿಗೆ ಹೇಳಿಕೊಡಬೇಕಾದ್ದೇನೂ ಇರಲಿಲ್ಲ. ತಂಗಿ ಇಷ್ಟು ದಿನ ಅವಳನ್ನು ಸೂಪರ್‌ವೈಸರ್ ಜಾಗದಲ್ಲಿ ಕೂರಿಸಿ ಉತ್ತರ ಬರೆಯುತ್ತಿದ್ದಳು.

ಕನ್ನಡ ನಾಡಿನ ಕಲಾವಿದರ ಜೀವನದಲ್ಲೂ ಎಣಿಕೆಗೆ ಸಿಗದ ತಿಂಗಳುಗಳಿವೆ. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ. ಕೆ. ಹೆಬ್ಬಾರರು ಮುಂಬಯಿಯಲ್ಲಿ ಚಿತ್ರಕಾರರಾಗಿದ್ದಾಗಲೇ ಪಂಡಿತ್ ಸುಂದರ್ ಪ್ರಸಾದ್ ಅವರಲ್ಲಿ ಕಥಕ್ ಕಲಿತರು, ಲಯ ಮೈಗೆ ತಿಳಿಯಲಿ ಎಂದು. ಅವರ ನರ್ತಕರ ರೇಖಾಚಿತ್ರಗಳಲ್ಲಿ ಒಂದೇ ಗೆರೆ ಪಾದದಿಂದ ಹೊರಟು ಬೆನ್ನು ಹತ್ತಿ ಬೆರಳಿಗೆ ಬರುವುದನ್ನು ನೋಡಿದವರಿಗೆ ಆ ಗೆಜ್ಜೆ ಎಲ್ಲಿಗೆ ಹೋಯಿತೆಂದು ಗೊತ್ತು. ಅಭ್ಯಾಸ ಮಾಡುತ್ತಿದ್ದ ತಿಂಗಳಲ್ಲಿ ಅದನ್ನು ಚಿತ್ರಕಲೆಯ ಲೆಕ್ಕಕ್ಕೆ ಯಾರು ಸೇರಿಸುತ್ತಿದ್ದರು? ಮೈಸೂರಿನ ಕೆ. ವೆಂಕಟಪ್ಪನವರು ಅವನೀಂದ್ರನಾಥ ಟಾಗೋರರಲ್ಲಿ ಕಲಿತು ಬಂದವರು, ಊಟಿಯ ಮಂಜನ್ನು ಜಲವರ್ಣದಲ್ಲಿ ಹಿಡಿದವರು. ಅವರು ವೀಣೆ ಶೇಷಣ್ಣನವರ ಹತ್ತಿರ ವೀಣೆ ಕಲಿಯಲು ಕೂತರು. ವೆಂಕಟಪ್ಪನವರ ವಿಷಯದಲ್ಲಿ ವೀಣೆಯಿಂದ ಚಿತ್ರಕ್ಕೆ ಏನು ಬಂತು ಎಂದು ತೋರಿಸುವುದು ಹೆಬ್ಬಾರರಷ್ಟು ಸುಲಭವಲ್ಲ. ಬರದೇ ಇದ್ದರೂ ಅದು ದಂಡವಾಯಿತು ಎಂದು ನಾನು ಹೇಳಲಾರೆ. ಎಲ್ಲವೂ ಕೊನೆಗೆ ‘ಉಪಯೋಗಕ್ಕೆ ಬಂತು’ ಎಂದು ತೋರಿಸುವ ಆತುರವೂ ಪ್ರಗತಿ ವರದಿಯದೇ ಇನ್ನೊಂದು ರೂಪ.

ಪ್ರಗತಿ ಎಂಬ ಪದದಲ್ಲೇ ಒಂದು ಒತ್ತಾಯವಿದೆ, ಹೋದ ತಿಂಗಳಿಗಿಂತ ಈ ತಿಂಗಳು ಮುಂದಿರಬೇಕು. ನಮ್ಮಲ್ಲಿ ಇದಕ್ಕೆ ತಿರುಗಿ ನಿಂತ ಒಂದು ಕಥೆ ಇದೆ. ಆಯ್ದಕ್ಕಿ ಮಾರಯ್ಯ ಬಸವಣ್ಣನ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದ, ಅದೇ ಅವನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ತಂದ. ಹೆಂಡತಿ ಲಕ್ಕಮ್ಮ ಅದನ್ನು ನೋಡಿ, ಹೆಚ್ಚಿನದು ನಮಗೆ ಬೇಡ, ತಂದಲ್ಲೇ ಸುರಿದು ಬಾ ಎಂದು ವಾಪಸ್ ಕಳಿಸಿದಳು. ಅವಳೂ ಲೆಕ್ಕವನ್ನೇ ಇಟ್ಟವಳು, ಮಾರಯ್ಯನಿಗಿಂತ ಬಿಗಿಯಾಗಿ ಇಟ್ಟವಳು. ಆದರೆ ಅವಳ ಲೆಕ್ಕದಲ್ಲಿ ನಿನ್ನೆಗಿಂತ ಹೆಚ್ಚಾದದ್ದು ದೋಷ. (ಕಾಯಕವೇ ಕೈಲಾಸ ಎಂಬ ಮಾತನ್ನು ಗೋಡೆಗೆ ತೂಗುಹಾಕಿ ಓವರ್‌ಟೈಮ್ ಮಾಡಿಸುವವರು ಲಕ್ಕಮ್ಮನ ಈ ಕಥೆಯನ್ನು ಮಾತ್ರ ತೂಗುಹಾಕುವುದಿಲ್ಲ.) ಬಸ್‌ಸ್ಟಾಪಿನ 62 ಸ್ಕೆಚ್‌ಗಳನ್ನು ಅವಳು ಏನು ಮಾಡಿಸುತ್ತಿದ್ದಳು ಎಂದು ನನಗೆ ಆಗಾಗ ಅನ್ನಿಸುತ್ತದೆ.

ಹಾಗಾದರೆ ತಿಂಗಳ ಪುಟ ಬೇಡವೇ? ಬೇಕು ಎಂದೇ ನನ್ನ ಅಭಿಪ್ರಾಯ. ಸಾಕುವವರಿಗೆ ಕೇಳುವ ಹಕ್ಕಿದೆ, ಕಲಿಯುವವರು ಹೇಳಬೇಕು. ಹೇಳಬೇಕಾದದ್ದು ಎಷ್ಟಾಯಿತು ಎಂಬುದಕ್ಕಿಂತ ಈಗ ಕೈ ಎಲ್ಲಿದೆ, ಯಾವುದು ಬರುತ್ತಿಲ್ಲ, ಯಾವುದನ್ನು ಕೆರೆದೆ ಎಂಬುದು. ಮರವನ್ನು ಯಾಕೆ ತೆಗೆದೆ ಎಂದು ನಾಲ್ಕು ಸಾಲು ಬರೆಯಲು 62 ಎಂದು ಬರೆಯುವುದಕ್ಕಿಂತ ಹೆಚ್ಚು ಧೈರ್ಯ ಬೇಕು, ಯಾಕೆಂದರೆ ಅದು ತಪ್ಪು ನಿರ್ಧಾರವೂ ಆಗಿದ್ದೀತು. ಕಾಲೇಜಿನ ನಮೂನೆಯಲ್ಲಿ ಅದಕ್ಕೆ ಜಾಗವಿಲ್ಲದಿರಬಹುದು. ಅಲ್ಲಿಗೆ ಸಂಖ್ಯೆಯೇ ಹೋಗಲಿ. ಅಕ್ಕನಿಗೆ ಹೋಗಬೇಕಾದದ್ದು ಬೇರೆ.

1890ರ ಬೇಸಿಗೆಯ ಹೊತ್ತಿಗೆ ವಿನ್ಸೆಂಟ್ ಪ್ಯಾರಿಸ್ ಬಳಿಯ ಓವೆರ್ ಎಂಬ ಊರಿನಲ್ಲಿದ್ದ. ಸೂರ್ಯಕಾಂತಿಗಳು ಆಗಿದ್ದವು, ‘ನಕ್ಷತ್ರಗಳ ರಾತ್ರಿ’ ಆಗಿತ್ತು. ಥಿಯೋಗೆ ಮದುವೆಯಾಗಿ ಒಂದು ಕೂಸು ಹುಟ್ಟಿತ್ತು, ಹಣ ಮಾತ್ರ ಬರುತ್ತಲೇ ಇತ್ತು. ಆಗ ಅಲ್ಲಿಂದ ತಮ್ಮನಿಗೆ ಬರೆದ ಪತ್ರದಲ್ಲಿ ಒಂದು ಕೋರಿಕೆ ಇದೆ. ಬಾರ್ಗ್‌ನ ಡ್ರಾಯಿಂಗ್ ಹಾಳೆಗಳನ್ನು ಕಳಿಸು, ಮತ್ತೆ ನಕಲು ಮಾಡಬೇಕು, ಮನುಷ್ಯ ದೇಹದ ಅಳತೆಗಳ ಅಭ್ಯಾಸ ಬಿಟ್ಟರೆ ಮುಂದೆ ಕಷ್ಟವಾಗುತ್ತದೆ. ಹತ್ತು ವರ್ಷದ ಹಿಂದೆ ಗಣಿಯೂರಿನಲ್ಲಿ ಕೂತು ಮೊದಲು ಕೈಗೆತ್ತಿಕೊಂಡಿದ್ದ ಅದೇ ವಿದ್ಯಾರ್ಥಿಗಳ ಪಾಠ.